ನೆಲ್ಲಮ್ಮನ ಮಕ್ಕಳೂ ಅಗಿಯದ ಜಿಂಕೆಯೂ

ಲೋಕ ಇನ್ನೂ ಹಸಿಹಸಿಯಾಗಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ, ಬೆಟ್ಟಗಳು ಸರಿಯಾಗಿ ಕೂತಿರಲಿಲ್ಲ. ಆಗ ಕಾಡಿನಲ್ಲಿ ಇದ್ದದ್ದು ಒಂದೇ ಒಂದು ನೆಲ್ಲಿಮರ. ಎಲ್ಲರೂ ಅವಳನ್ನು ನೆಲ್ಲಮ್ಮ ಅನ್ನುತ್ತಿದ್ದರು.

ನೆಲ್ಲಮ್ಮನಿಗೆ ಒಂದೇ ಕೊರಗು. ಕಾಯಿ ಗೊಂಚಲು ಗೊಂಚಲಾಗಿ ಬಿಡುತ್ತಿತ್ತು, ಎಲ್ಲ ಅವಳ ಬುಡಕ್ಕೇ ಉದುರುತ್ತಿತ್ತು. ಮೊಳೆತ ಸಸಿ ಅವಳದೇ ನೆರಳಲ್ಲಿ ಬಿಸಿಲು ಕಾಣದೆ ಹಳದಿಯಾಗಿ ಸಾಯುತ್ತಿತ್ತು. ತಾನು ಒಣಗಿದರೆ ಲೋಕದಲ್ಲಿ ನೆಲ್ಲಿ ಅನ್ನೋದೇ ಇರುವುದಿಲ್ಲವಲ್ಲ ಅಂತ ಅವಳಿಗೆ ಸಂಕಟ.

"ಗಾಳಿಯಣ್ಣ, ಒಂದು ಬೀಜ ಒಯ್ದು ಬಿಸಿಲಲ್ಲಿ ಹಾಕಪ್ಪ" ಅಂತ ಕೇಳಿದಳು.

"ಬೂರುಗದ ಬೀಜವಾದರೆ ಹೊತ್ತೇನು ತಾಯಿ. ನಿನ್ನದು ಕಲ್ಲು" ಅಂತ ಗಾಳಿ ನಡೆದೇ ಬಿಟ್ಟ.

ಅಷ್ಟರಲ್ಲಿ ಮುಸುವ ಅನ್ನೋ ಕೋತಿ ಬಂದ. ಕರಿ ಮುಖ, ಉದ್ದ ಬಾಲ, ಮಾಡುವ ಕೆಲಸ ಒಂದೂ ನೆಟ್ಟಗಿಲ್ಲ. ಒಂದು ಕಾಯಿ ಕಿತ್ತ, ಕಚ್ಚಿ ಎಸೆದ. ಇನ್ನೊಂದು ಕಿತ್ತ, ಮೂಸಿ ಎಸೆದ.

"ತಿಂದರೆ ಪೂರ್ತಿ ತಿನ್ನೋ. ಬುಡಕ್ಕೆ ಬೀಳಿಸೋದು ನನಗೇ ಬರುತ್ತೆ, ಅದಕ್ಕೆ ನೀನು ಬೇರೆ ಬೇಕಾ?"

"ಹುಳಿ ಕಣಮ್ಮ. ಮುಂದಿನದು ಸಿಹಿ ಇರಬಹುದು" ಅಂತ ಮುಸುವ ಮತ್ತೆ ಕಿತ್ತ. ಏನು ಹೇಳೋದು ಇಂಥವನಿಗೆ.

ಸದ್ದು ಕೇಳಿ ಚುಕ್ಕೆ ಜಿಂಕೆ ಬಂದಳು. ಅತ್ತ ಇತ್ತ ನೋಡುತ್ತ ಕೆಳಗೆ ಬಿದ್ದ ಕಾಯಿಗಳನ್ನು ಗುಳುಂ ಗುಳುಂ ನುಂಗಿದಳು.

"ಲೇ, ಅಗಿಯೋದೂ ಬೇಡವಾ? ನನ್ನ ಮಕ್ಕಳನ್ನು ಇಡಿಯಾಗಿ ನುಂಗ್ತೀಯಲ್ಲೇ" ಅಂತ ನೆಲ್ಲಮ್ಮ ಎದೆ ಬಡಿದುಕೊಂಡಳು.

"ಇಲ್ಲಿ ನಿಂತು ಅಗಿದರೆ ಹುಲಿ ನನ್ನನ್ನೇ ಅಗಿಯುತ್ತೆ ಅಮ್ಮ. ಈಗ ನುಂಗೋದು, ಆಮೇಲೆ ಬಯಲಲ್ಲಿ ಕೂತು ಮೆಲುಕು ಹಾಕೋದು. ನಮ್ಮ ಮನೆ ಪದ್ಧತಿ ಇದು."

"ಬೆಂಕಿ ಬೀಳಲಿ ನಿಮ್ಮ ಪದ್ಧತಿಗೆ" ಅಂದಳು ನೆಲ್ಲಮ್ಮ. ಮುಸುವ ಕೀಳುತ್ತಲೇ ಇದ್ದ, ಜಿಂಕೆ ನುಂಗುತ್ತಲೇ ಇದ್ದಳು, ಇವಳು ಒಳಗೊಳಗೇ ಬೈಯುತ್ತಲೇ ಇದ್ದಳು.

ಅತ್ತ ಬಯಲಲ್ಲಿ ಜಿಂಕೆ ಕಾಲು ಮಡಚಿ ಕೂತು, ನುಂಗಿದ್ದನ್ನು ಬಾಯಿಗೆ ತಂದು ನಿಧಾನವಾಗಿ ಅಗಿದಳು. ತಿರುಳು ನುಣ್ಣಗಾಯಿತು, ಬೀಜ ಹಲ್ಲಿಗೆ ಕಟಕ್ ಅಂತು. ಥೂ ಅಂತ ಉಗುಳಿದಳು. ಮುಂದಿನ ಬೀಜಕ್ಕೂ ಅದೇ ಗತಿ.

ಮಳೆ ಬಂತು, ಹೋಯಿತು. ಒಂದು ಬೆಳಿಗ್ಗೆ ಗಾಳಿ ನೆಲ್ಲಮ್ಮನ ಕೊಂಬೆ ಸರಿಸಿ, "ಬಯಲ ಕಡೆ ನೋಡು ತಾಯಿ" ಅಂದ.

ಜಿಂಕೆ ಕೂತೆದ್ದ ಜಾಗದ ತುಂಬ ಪುಟ್ಟ ಸಸಿಗಳು. ನೆಲ್ಲಮ್ಮನದೇ ಎಲೆ, ಅವಳದೇ ಮೈಬಣ್ಣ. ಬಿಸಿಲಿಗೆ ಮುಖ ಕೊಟ್ಟು ಹಸಿರಾಗಿ ನಿಂತಿದ್ದವು.

ನೆಲ್ಲಮ್ಮನಿಗೆ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. "ಉಗುಳ್ತೀನಿ ಅಂತ ಒಂದು ಮಾತು ಹೇಳಿದ್ದರೆ ಇವಳ ಗಂಟೇನು ಹೋಗ್ತಿತ್ತು? ಸುಮ್ಮನೆ ನನ್ನ ಹೊಟ್ಟೆ ಉರಿಸಿದಳು." ಆಮೇಲೆ ಮೇಲೆ ತಿರುಗಿ, "ಏನೋ ಮುಸುವ, ಕೈ ಕಟ್ಟಿ ಕೂತಿದ್ದೀಯ? ಕೀಳು, ಎಸೆ" ಅಂತ ಅವನನ್ನೂ ಗದರಿದಳು.

ಅದಕ್ಕೇ ಮಗಾ, ಇವತ್ತಿಗೂ ಮುಸುವ ಅರ್ಧ ತಿಂದು ಅರ್ಧ ಬಿಸಾಡುತ್ತಾನೆ, ಜಿಂಕೆಗಳು ಮರದ ಕೆಳಗೆ ಕತ್ತೆತ್ತಿ ಕಾಯುತ್ತವೆ, ಅವು ಮೆಲುಕು ಹಾಕಿ ಎದ್ದ ಬಯಲಲ್ಲಿ ನೆಲ್ಲಿ ಸಸಿ ತಲೆ ಎತ್ತುತ್ತದೆ.