ಬೆಚ್ಚುವ ಮೈ

ಬಾಳಪ್ಪ ಹೊಳೆದಂಡೆಯ ಮಠಕ್ಕೆ ಬಂದಾಗ ಅವನ ಕಣ್ಣು ಕೆಂಪಾಗಿದ್ದವು. ಒಳ್ಳೆಯ ನಿದ್ದೆ ಕಂಡು ಎಷ್ಟು ಕಾಲವಾಗಿತ್ತೋ.

ಮಠದಲ್ಲಿ ಅಡವಯ್ಯಜ್ಜ ಒಬ್ಬರೇ ಇದ್ದರು. ವಯಸ್ಸಾಗಿತ್ತು. ಮಾತಾಡುವುದಕ್ಕೂ ದಣಿವು.

"ಏನಾಗಬೇಕಪಾ?"

"ನಾ ಬೆಚ್ಚಬಾರದ್ರಿ ಅಜ್ಜಾರ. ಅಷ್ಟ."

ಅಜ್ಜ ಚಾಪೆ ತೋರಿಸಿದರು. ಬಾಳಪ್ಪ ಕುಳಿತು ಹೇಳತೊಡಗಿದ.

ಕಲ್ಲುಗಣಿಯಲ್ಲಿ ಬಂಡೆಗೆ ಮದ್ದು ತುಂಬುವ ಕೆಲಸ ಅವನದು. ಒಂದು ದಿನ ಮದ್ದು ಹೊತ್ತಿಗೆ ಮುಂಚೆಯೇ ಸಿಡಿಯಿತು. ಜೊತೆಗಿದ್ದ ಸೋಮಣ್ಣ ಬಿದ್ದವನು ಮತ್ತೆ ಏಳಲಿಲ್ಲ. ಬಾಳಪ್ಪನಿಗೆ ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ ಪಾತ್ರೆ ಬಿದ್ದರೂ, ಬಾಗಿಲು ಬಡಿದರೂ, ಬೆನ್ನ ಹಿಂದೆ ಯಾರಾದರೂ ಕೆಮ್ಮಿದರೂ ಮೈಯೆಲ್ಲ ನೆಗೆಯುತ್ತಿತ್ತು. ಓಣಿಯ ಜನ ಕನಿಕರಪಟ್ಟರು, ಆಮೇಲೆ ನಕ್ಕರು. ಅದನ್ನೂ ತಾಳಿಕೊಂಡ.

"ಮತ್ತ ಈಗ್ಯಾಕ ಬಂದಿ?"

ಬಾಳಪ್ಪನ ದನಿ ಇಳಿಯಿತು. "ಮಗಳು ರೀ, ಕಾಶವ್ವ. ನಾ ಕಟ್ಟಿ ಮ್ಯಾಲೆ ಕುಂತಿದ್ದೆ. ಹಿಂದಿಂದ ಓಡಿಬಂದು ಕುತ್ತಿಗಿಗೆ ಜೋತುಬಿದ್ಲು. ನನಗ ಗೊತ್ತಾಗೋದ್ರಾಗ ಕೈ ಬೀಸಿಬಿಡ್ತು. ಕೂಸು ಹೋಗಿ ಗ್ವಾಡಿಗೆ ಬಡೀತು. ಹಣಿ ಒಡೀತು."

ತನ್ನ ಕೈಯನ್ನೇ ನೋಡುತ್ತ ಹೇಳಿದ: "ಅವತ್ತ ಮನಿ ಬಿಟ್ಟೆ."

"ಇರು," ಅಂದರು ಅಜ್ಜ. "ಆಕಳು ಅದಾವ. ತೊಳಿಯೂ ಪಾತ್ರಿ ಅದಾವ."

ಬಾಳಪ್ಪ ಉಳಿದುಕೊಂಡ.

ಬೆಚ್ಚಬಾರದೆಂದು ಅವನು ಮಾಡದ ಸಾಹಸವಿಲ್ಲ. ಬೆಳಗಾಗುತ್ತಲೇ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಉಸಿರು ಕಟ್ಟುತ್ತಿದ್ದ. ನಡೆಯುವಾಗ, ಉಣ್ಣುವಾಗ, ಹಲ್ಲು ಕಚ್ಚಿ ಭುಜ ಬಿಗಿಹಿಡಿದು ಇರುತ್ತಿದ್ದ. ಎಲ್ಲಿಂದ ಸದ್ದು ಬರುವುದೋ ಎಂದು ಕಾಯುವುದೇ ಒಂದು ಕೆಲಸವಾಯಿತು. ಸಂಜೆಯಾದರೆ ದಿನವೆಲ್ಲ ಕಲ್ಲು ಹೊತ್ತವನ ಹಾಗೆ ಸುಸ್ತಾಗಿ ಬೀಳುತ್ತಿದ್ದ.

ಒಂದು ಮಧ್ಯಾಹ್ನ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದ. ಕೈ ಇಲ್ಲಿ, ಮನಸ್ಸು ಮಗಳ ಹಣೆಯ ಮೇಲೆ. ಅಜ್ಜ ಅವನ ಬೆನ್ನ ಹಿಂದೆ ಬಂದು ಹಿತ್ತಾಳೆಯ ಗಂಗಾಳವನ್ನು ಕಲ್ಲಿನ ಮೇಲೆ ಕೆಡವಿದರು.

ಬಾಳಪ್ಪ ಚೀರಿ ಎದ್ದ. ಕೈಯಲ್ಲಿದ್ದ ತಂಬಿಗೆ ಉರುಳಿಹೋಯಿತು.

"ಯಾಕ್ರಿ ಅಜ್ಜಾರ!"

ಅಜ್ಜ ಗಂಗಾಳ ಎತ್ತಿಕೊಂಡು ಒಳಗೆ ಹೋದರು.

ಕೆಲವು ದಿನಗಳಲ್ಲಿ ಮಠದ ಆಕಳು ಕರು ಹಾಕಿತು. ಬಾಳಪ್ಪ ಅದೇ ಅಂಗಳದಲ್ಲಿ ಕುಳಿತು ಕರುವಿನ ಮೈ ಒರೆಸುತ್ತಿದ್ದ. ಕರು ಅವನ ಬೆರಳನ್ನು ಬಾಯಿಗೆಳೆದುಕೊಂಡು ಚೀಪತೊಡಗಿತು. ಎಷ್ಟೋ ಕಾಲದ ಮೇಲೆ ಅವನಿಗೆ ನಗು ಬಂತು.

ಹಿಂದೆ ಗಂಗಾಳ ಬಿತ್ತು.

ಬಾಳಪ್ಪನ ರೆಪ್ಪೆ ಮಿಟುಕಿತು, ಅಷ್ಟೇ. ಬೆರಳು ಕರುವಿನ ಬಾಯಲ್ಲೇ ಇತ್ತು.

"ಅವತ್ತಿನ ಸದ್ದು ದೊಡ್ಡದಿತ್ತೋ, ಇವತ್ತಿಂದೋ?" ಅಜ್ಜ ಕೇಳಿದರು.

"ಅವತ್ತಿಂದು ಭಾಳ ದೊಡ್ಡದಿತ್ರಿ."

"ಅದ ಗಂಗಾಳ, ಅದ ಕಲ್ಲು. ಕೆಡವಿದಾಂವನೂ ನಾನ."

ಬಾಳಪ್ಪ ತಿರುಗಿ ಗಂಗಾಳವನ್ನು ನೋಡಿದ. "ಹಂಗಾರ ದೊಡ್ಡದಾಗಿದ್ದು ನನ್ನೊಳಗ ಏನ್ರಿ?"

"ಸದ್ದು ಬರೂ ಹೊತ್ತಿಗೆ ನಿನ್ನ ಮನಸು ಎಲ್ಲಿತ್ತು ಅನ್ನೂದೂ ಐತಲ್ಲ."

"ದಿನಾ ಇಂಥಾ ಕರು ಎಲ್ಲಿಂದ ತರ್ಲಿ ಅಜ್ಜಾರ?"

ಅಜ್ಜ ನಿಟ್ಟುಸಿರಿಟ್ಟರು. "ನನಗೂ ಗೊತ್ತಿಲ್ಲಪಾ."

ಈ ಮಾತು ಬಾಳಪ್ಪನಿಗೆ ಹಿಡಿಸಲಿಲ್ಲ. ಅಜ್ಜನಿಗೆ ಬೆಚ್ಚದಿರುವ ಗುಟ್ಟು ಗೊತ್ತಿದೆ, ಕೊಡಲು ಮನಸ್ಸಿಲ್ಲ ಎಂದುಕೊಂಡ. ಮರುದಿನ ಅಜ್ಜ ಹೊಳೆಯ ಕಡೆ ಮುಖಮಾಡಿ ಕಣ್ಣು ಮುಚ್ಚಿ ಕುಳಿತಿದ್ದರು. ಬಾಳಪ್ಪ ಗಂಗಾಳ ಹಿಡಿದು ಮೆಲ್ಲಗೆ ಹಿಂದೆ ಹೋದ. ಎತ್ತಿ ಬಂಡೆಗೆ ಬಡಿದ.

ಅಜ್ಜ ಕುಳಿತಲ್ಲೇ ನೆಗೆದುಬಿದ್ದರು. ಭುಜ ಕಿವಿಯವರೆಗೆ ಏರಿತು, ಹೊದ್ದ ಶಾಲು ಜಾರಿತು. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿ ಯಾರೆಂದು ನೋಡಿದರು. ಮುಖ ಸಡಿಲವಾಯಿತು.

"ನೀನೇನು," ಅಂದರು. "ಊಟ ಆತೇನು?"

"ನೀವೂ ಬೆಚ್ಚಿದ್ರಿ!"

"ಕಿವಿ ಇನ್ನೂ ಅದಾವಲ್ಲ."

"ಇಷ್ಟು ವರ್ಷ ತಪಸ್ಸು ಮಾಡಿ?"

"ಹೂಂ. ಮಾಡಿ."

ಅಜ್ಜ ಜಾರಿದ ಶಾಲಿಗೆ ತಡಕಾಡಿದರು. ಬಾಳಪ್ಪನಿಗೆ ನಾಚಿಕೆಯಾಯಿತು. ಶಾಲು ಎತ್ತಿ ಹೊದಿಸಿ ಪಕ್ಕದಲ್ಲಿ ಕುಳಿತ. ಇಷ್ಟು ದಿನ ಕಾದದ್ದು ಸಿಗುವುದಿಲ್ಲ ಎಂದು ಗೊತ್ತಾಗಿತ್ತು. ದುಃಖವಾಗಬೇಕಿತ್ತು. ಆದರೆ ಬಿಗಿಹಿಡಿದಿದ್ದ ಭುಜ ತಾವಾಗಿಯೇ ಕೆಳಗಿಳಿದವು. ಅಲ್ಲೇ ಬಂಡೆಗೊರಗಿ ನಿದ್ದೆಹೋದ.

ಸುಗ್ಗಿ ಮುಗಿದ ಮೇಲೆ ಹೆಂಡತಿ ಗೌರವ್ವ ಅವನನ್ನು ಹುಡುಕಿಕೊಂಡು ಮಗಳ ಜೊತೆ ಬಂದಳು.

"ಅಪ್ಪ ಎಲ್ಲಿ ಅಂತ ದಿನಾ ಕೇಳ್ತಾಳ," ಅಂದಳು. "ನನಗ ಹೇಳಿ ಹೇಳಿ ಸಾಕಾಗೇತಿ."

ಕಾಶವ್ವ ಅವ್ವನ ಸೀರೆಯ ಮರೆಯಲ್ಲಿ ನಿಂತಿದ್ದಳು. ಹಣೆಯ ಗಾಯ ಮಾಗಿ ಬೆಳ್ಳಗೆ ಗೆರೆಯಾಗಿತ್ತು. ಬಾಳಪ್ಪ ತುಂಬಿದ ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದ.

ಹುಡುಗಿ ಬೆಚ್ಚಿಬಿದ್ದಳು. ಕಣ್ಣು ಬಿಗಿಮುಚ್ಚಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

ಎಲ್ಲಿಯೂ ಏನೂ ಸದ್ದಾಗಿರಲಿಲ್ಲ.

ಬಾಳಪ್ಪ ಎತ್ತಿದ ಕೈಯನ್ನು ಇಳಿಸಿದ. ಅಲ್ಲಿ ನಿಲ್ಲಲಾಗಲಿಲ್ಲ. ನೇರ ಕೊಟ್ಟಿಗೆಗೆ ಬಂದ. ಅಜ್ಜ ಆಕಳಿಗೆ ಹುಲ್ಲು ಹಾಕುತ್ತಿದ್ದರು.

"ಅಜ್ಜಾರ, ನನ್ನ ರೋಗ ಕೂಸಿಗೆ ಹತ್ತೇತಿ. ಆಕಿ ನನ್ನ ಕಂಡ್ರ ಬೆಚ್ಚತಾಳ. ನಾ ಇಲ್ಲೇ ಇದ್ದುಬಿಡ್ತೀನ್ರಿ. ನಾ ದೂರ ಇದ್ರ ಆಕೀಗೆ ಚಲೋ."

ಅಜ್ಜ ಹುಲ್ಲಿನ ಹೊರೆಯ ಮೇಲೆ ದಣಿದು ಕುಳಿತರು. ಹೊರಗೆ ಗೌರವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಕಾಶವ್ವ ಕತ್ತು ಉದ್ದಮಾಡಿ, ಅಪ್ಪ ಹೋದ ಕಡೆಗೇ ಇಣುಕಿ ನೋಡುತ್ತಿದ್ದಳು.

"ಹೋಗಿ ಆಕೀ ಹತ್ರ ಕುಂದ್ರು," ಅಂದರು ಅಜ್ಜ. "ಬೆಚ್ಚಿದ್ರ ಬೆಚ್ಚಲಿ. ನೀ ಮಾತ್ರ ಏಳಬ್ಯಾಡ."