ಚೀಟಿ ಎರಡು, ಕೊಡ ಒಂದೇ

ಹೊಳೆದಂಡೆಯ ಮಠವೊಂದರಲ್ಲಿ ಬಡವರಿಗಾಗಿ ಒಂದು ಆಸ್ಪತ್ರೆಯಿತ್ತು. ಡಯಾಲಿಸಿಸ್ ಯಂತ್ರ ಎರಡೇ, ಕಾಯುವವರು ಬಹಳ.

ಪಾಳಿ ಬಂದವರ ಪಟ್ಟಿ ಕಂಪ್ಯೂಟರಿನಲ್ಲಿತ್ತು, ಅದರಿಂದ ಅವರ ಫೋನಿಗೆ ಸಂದೇಶ ಹೋಗುತ್ತಿತ್ತು. ಆಮೇಲೆ ಅದೇ ಪಟ್ಟಿಯಿಂದ ಫೋನ್ ಇಲ್ಲದವರ ಹೆಸರು ಅಂಬಿಗನ ಕೈಗೆ ಬರುತ್ತಿತ್ತು, ಅವನು ಮನೆಗೆ ಹೋಗಿ ಹೇಳಿಬರುತ್ತಿದ್ದ. ಹಾಗೆ ಫೋನ್ ಇಲ್ಲದವಳು ಒಬ್ಬಳೇ, ಹೊಳೆಯಾಚೆಯ ಗೌರವ್ವ.

ಆ ಪ್ರೋಗ್ರಾಂ ಬರೆದವನು ಮಠದ ಶಿಷ್ಯ ಕುಬೇರ. ಅವನಿಗೆ ಕಲಿಸಿದವರು ಅಡಿವಯ್ಯಜ್ಜ.

ಒಂದು ಮುಂಜಾನೆ ಗೌರವ್ವ ತೀರಿಕೊಂಡ ಸುದ್ದಿ ಬಂತು. ಅವಳ ಪಾಳಿ ಬಂದು ಹೋಗಿ ಎರಡು ವಾರವಾಗಿತ್ತು. ಅಂಬಿಗನ ಕೈಗೆ ಅವಳ ಹೆಸರು ಬಂದೇ ಇರಲಿಲ್ಲ.

ಕುಬೇರ ಅಜ್ಜನ ಮುಂದೆ ಬಂದು ಕುಳಿತ. ಮುಖ ಕಪ್ಪಿಟ್ಟಿತ್ತು.

"ಅಜ್ಜಾರ, ಪ್ರೋಗ್ರಾಮಿನ್ಯಾಗ ಸಂದೇಶ ಕಳಸೂ ಕೆಲಸಕ್ಕಂತ ಒಂದು ಹೊಸಾ ಮೆಥಡ್ ಬರದಿದ್ದೆ. ಅದು ಕೆಲಸಾ ಮಾಡಾಕ ಬೇಕಂತ ಪಾಳಿ ಪಟ್ಟೀನ ಆರ್ಗ್ಯುಮೆಂಟ್ ಅಂತ ಅದರ ಕೈಗೆ ಕೊಟ್ಟೆ. ಸಂದೇಶ ಹೋಗೂದಿಲ್ಲಂತ ಒಳಗ ಫೋನ್ ಇಲ್ಲದವರ ಹೆಸರು ತಗದೆ. ಮೆಥಡ್ಡಿಗೆ ಹೋಗೂದು ನಕಲು ಅಲ್ಲೇನ್ರಿ? ಹೊರಗಿನ ಪಟ್ಯಾಗಿಂದ ಹೆಸರು ಹೆಂಗ ಹೋತು?"

"ನಕಲು ಅಂತ ಹೆಂಗ ತಿಳಕೊಂಡಿ?"

"ಬರೇ ಒಂದು ಸಂಖ್ಯೆ ಕೊಟ್ಟರ ನಕಲ ಹೋಗತೈತ್ರಿ. ಒಳಗ ಏನ ಬದಲು ಮಾಡಿದರೂ ಹೊರಗ ಹಂಗ ಇರತೈತಿ. ಪಟ್ಟೀನೂ ಹಂಗ ಅಂದುಕೊಂಡೆ."

ಅಜ್ಜ ಎರಡು ಚೀಟಿ ತೆಗೆದುಕೊಂಡು ಎರಡರಲ್ಲೂ 'ಬಾಗಿಲ ಬಳಿಯ ಕೊಡ' ಎಂದು ಬರೆದರು. ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ಅವನಿಗೆ ಕೊಟ್ಟರು.

"ಚೀಟ್ಯಾಗಿನ ಕೊಡಾ ಖಾಲಿ ಮಾಡಿ ಬಾ."

ಕುಬೇರ ಅಂಗಳದಲ್ಲಿ ನೀರು ಚೆಲ್ಲಿ ಬಂದ.

"ಈಗ ನಿನ್ನ ಚೀಟಿ ಹರಿ."

ಹರಿದ.

"ನನ್ನ ಚೀಟಿ ಹಂಗ ಐತಿ ನೋಡು. ಇದನ್ನ ಓದಿ ನನಗ ಕುಡಿಯಾಕ ನೀರು ತಾ."

ಕುಬೇರ ಏಳಲಿಲ್ಲ. "ನೀರಿಲ್ರಿ, ಅಜ್ಜಾರ."

"ಚೀಟಿ ಎರಡು, ಕೊಡಾ ಒಂದ. ಮೆಥಡ್ಡಿಗೆ ನಕಲಾಗಿ ಹೋದದ್ದು ಪಟ್ಟಿ ಎಲ್ಲೈತಿ ಅನ್ನೂ ಚೀಟಿ ಅಷ್ಟ. ಪಟ್ಟಿ ಇದ್ದಲ್ಲೇ ಇತ್ತು, ನೀನ ಅಲ್ಲಿಗೆ ಹೋಗಿ ಅಳಿಸಿದಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು. ಕುಬೇರ ಅತ್ತ. ಅಜ್ಜ ಸಮಾಧಾನ ಮಾಡಲಿಲ್ಲ.

ಆ ದಿನವೇ ಅವನು ಮೆಥಡ್ ತಿದ್ದಿದ. ಮೊದಲು ಇಡೀ ಪಟ್ಟಿಯನ್ನು ನಕಲು ಮಾಡಿಕೊಂಡು, ಆ ನಕಲಿನಿಂದ ಮಾತ್ರ ಹೆಸರು ತೆಗೆಯುವಂತೆ ಬರೆದ. ಅಜ್ಜ ನೋಡಿ ತಲೆಯಾಡಿಸಿದರು.

ಸಂಜೆ ಕುಬೇರ ಒಂದು ಕಾಗದ ಹಿಡಿದು ಬಂದ.

"ಗೌರವ್ವನ ಮಗಳಿಗೆ ತಪ್ಪಾತು ಅಂತ ಬರದೀನ್ರಿ. ಕರಿಯಾಕ ಬಂದಿಲ್ಲ ಅಂದರ ಪಾಳಿ ಬಂದಿಲ್ಲ ಅಂತ ನಂಬಿ, ತಾಯಿ ಮಗಳು ದಿನಾ ಬಾಗಲಾಗ ಕುಂತು ಅಂಬಿಗನ ದಾರಿ ನೋಡ್ಯಾರಂತ. ಆಕಿ ಮಾರಿ ನೋಡಾಕ ನನ್ನ ಕೈಲಿ ಆಗೂದಿಲ್ಲ, ಅಜ್ಜಾರ. ಇದನ್ನ ಅಂಬಿಗನ ಕೈಯಾಗ ಕೊಟ್ಟು ಕಳಸಲೇನ್ರಿ?"

ಅಜ್ಜ ಕಾಗದ ಮುಟ್ಟಲಿಲ್ಲ.

"ಹೆಸರು ಅಳಸಾಕ ಅಸಲಿನತನಕ ಹೋಗಿದ್ದಿ. ತಪ್ಪಾತು ಅನ್ನಾಕ ನಕಲು ಕಳಸ್ತೀಯೇನು?"