ಕುಟ್ಟದ ಜವೆಗೋಧಿ

"ಒಳ್ಳೆಯದೆಂದು ಬಾಯಿ ತುಂಬ ಒಪ್ಪಿಕೊಂಡ ಜನ ಅದನ್ನು ಮನೆಯೊಳಗೆ ಏಕೆ ಬಿಟ್ಟುಕೊಳ್ಳುವುದಿಲ್ಲ, ಅಪ್ಪಾವರೇ?" ಎಂದು ಅಡವಯ್ಯ ಕೇಳಿದ.

ಅವನು ಸುತ್ತಿನ ಹಳ್ಳಿಗಳನ್ನು ತಿರುಗಿ ಆಗಷ್ಟೇ ಮಠಕ್ಕೆ ಮರಳಿದ್ದ. ದಾರಿಹೋಕರಿಗಾಗಿ ಮನೆಗೊಂದು ಊಟ ತೆಗೆದಿಡಿ ಎಂದು ಊರೂರ ಕಟ್ಟೆಯ ಮೇಲೆ ಕುಳಿತು ಹೇಳಿದ್ದ. ಹಿರಿಯರೆಲ್ಲ ಕೈಮುಗಿದಿದ್ದರು. ತಿರುಗಿ ಬರುವಾಗ ನೋಡಿದರೆ ಒಂದು ಮನೆಯಲ್ಲೂ ಊಟ ತೆಗೆದಿಟ್ಟಿರಲಿಲ್ಲ. ಇನ್ನು ಈ ಕೆಲಸ ನನ್ನಿಂದಾಗದು ಎಂದು ಹೇಳಿಬಿಡಲೆಂದೇ ಅವನು ಗುರುಗಳ ಮುಂದೆ ಕುಳಿತಿದ್ದ.

"ಗೋಡೆಗೆ ಒರಗಿ ಕೂಡು," ಎಂದರು ಗುರುಗಳು. "ನಿನ್ನಷ್ಟೇ ದಣಿದವನೊಬ್ಬನ ಕತೆ ಹೇಳುತ್ತೇನೆ."

ಎರೆಸೀಮೆಯ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಊರಿನವರೆಲ್ಲ ಹೊಸ ಗೋಧಿಗೆ ತಿರುಗಿದರೂ ಅವನು ಮಾತ್ರ ಹಿರಿಯರ ಕಾಲದ ಜವೆಗೋಧಿಯನ್ನೇ ಬಿತ್ತುತ್ತಿದ್ದ. ಹುಗ್ಗಿ, ಮಾದಲಿಯಂಥ ಸಿಹಿ ಅಡುಗೆಗೆ ಅದರ ಸಮ ಇನ್ನೊಂದಿಲ್ಲ. ಆದರೆ ಹಟಮಾರಿ ಕಾಳು ಅದು. ಹೊಸ ಗೋಧಿ ಕಣದಲ್ಲೇ ಹೊಟ್ಟು ಬಿಡುತ್ತದೆ, ಇದು ಬಿಡುವುದಿಲ್ಲ. ನೀರು ಚಿಮುಕಿಸಿ, ಒರಳಿಗೆ ಹಾಕಿ, ಒನಕೆಯಿಂದ ಕುಟ್ಟಬೇಕು. ಮೊರದಲ್ಲಿ ಕೇರಿ, ಮತ್ತೆ ಕುಟ್ಟಬೇಕು.

ರೈತ ವಾರವಾರವೂ ಚೀಲ ಹೇರಿಕೊಂಡು ಸಂತೆಗೆ ಹೋಗುತ್ತಿದ್ದ. ಮಾತಿನಲ್ಲಿ ಅವನೂ ನಿನ್ನ ಹಾಗೆಯೇ ಗಟ್ಟಿಗ. ಹುಗ್ಗಿಯ ಘಮ, ತಿಂದವರ ಕಸುವು, ಎಲ್ಲವನ್ನೂ ಬಣ್ಣಿಸುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು. ಆಮೇಲೆ ಪಕ್ಕದ ಅಂಗಡಿಯಲ್ಲಿ ಹೊಸ ಗೋಧಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆ ಸೀಮೆಯಲ್ಲಿ ಜವೆಗೋಧಿಯ ಬೀಜ ಉಳಿದದ್ದು ಅವನೊಬ್ಬನ ಮನೆಯಲ್ಲಿ. ಈ ಸಲವೂ ಮಾರಾಟವಾಗದಿದ್ದರೆ ಮುಂದಿನ ಹಿಂಗಾರಿಗೆ ತಾನೂ ಅದನ್ನು ಬಿಟ್ಟುಬಿಡುವುದೆಂದು ಅವನು ಮನಸ್ಸಿನಲ್ಲಿ ಅಂದುಕೊಂಡಿದ್ದ. ಹಾಗೆ ಅಂದುಕೊಂಡಾಗಲೆಲ್ಲ ಅವನಿಗೆ ಸಂಕಟವಾಗುತ್ತಿತ್ತು.

ಒಂದು ಸಂತೆಯ ದಿನ ಪಕ್ಕದ ವ್ಯಾಪಾರಿ, "ಯಾಕ ಸುಮ್ನ ಗಂಟಲ ಹರಕೋತೀರಿ? ಈಗಿನ ಮಂದಿಗೆ ರುಚಿ ಎಲ್ಲಿ ಗೊತ್ತೈತ್ರಿ?" ಎಂದ. ರೈತನಿಗೆ ಆ ಮಾತು ಹಿತವಾಯಿತು. ಜನರ ನಾಲಿಗೆಯನ್ನು ಬೈಯುತ್ತ ತುಂಬಿದ ಚೀಲದೊಂದಿಗೆ ಮನೆಗೆ ಬಂದ.

ಅಂದು ಮನೆಯಲ್ಲಿ ಹುಗ್ಗಿ ಮಾಡಿದ್ದರು. ಉಂಡ. ಎರಡನೆಯ ಸಲ ಬಡಿಸಿಕೊಂಡೂ ಉಂಡ. ಕೈತೊಳೆಯಲು ಏಳುವಾಗ ಒಲೆಯ ಪಕ್ಕದಲ್ಲಿ ಅಂಗಡಿಯ ಪೊಟ್ಟಣ ಕಣ್ಣಿಗೆ ಬಿತ್ತು. ಅದರಲ್ಲಿ ಹೊಸ ಗೋಧಿ ಇತ್ತು.

"ಮನಿ ತುಂಬ ಜವೆಗೋಧಿ ಇಟಗೊಂಡು ಪ್ಯಾಟಿ ಗೋಧಿ ತಂದೀಯೇನ?" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

ಅವಳು ಹೇಳಿದಳು: "ಕುಟ್ಟಾಕ ಯಾರ ಅದಾರ್ರಿ? ಮೊದಲ ಓಣಿ ಹೆಣ್ಣಮಕ್ಕಳೆಲ್ಲ ಮುಯ್ಯಿ ಬರತಿದ್ರು. ಇವತ್ತ ನಮ್ಮ ಒರಳು, ನಾಳೆ ಅವರ ಒರಳು. ಈಗ ಅವರ ಮನ್ಯಾಗ ಕುಟ್ಟೂ ಕಾಳ ಇಲ್ಲ. ಯಾವ ಬಾಯಿಲೆ ಕರೀಲಿ? ಒಬ್ಬಾಕಿನ ಕುಟ್ಟಿ ಕುಟ್ಟಿ ನನ್ನ ರಟ್ಟಿ ಬಿದ್ದ ಹೋದವು. ಹೋದ ವರ್ಷದಿಂದ ನೀವು ಉಣ್ಣೂದು ಪ್ಯಾಟಿ ಗೋಧಿನ."

ರುಚಿ ತಿಳಿಯದ್ದೆಂದು ದಾರಿಯುದ್ದಕ್ಕೂ ತಾನು ಬೈದದ್ದು ಯಾರ ನಾಲಿಗೆಯನ್ನು ಎಂದು ರೈತನಿಗೆ ಹೊಳೆಯಿತು. ಹಿತ್ತಿಲಿಗೆ ಹೋಗಿ ಒರಳಿನ ಮುಂದೆ ನಿಂತ. ಹುಟ್ಟಿದಂದಿನಿಂದ ಹುಗ್ಗಿ ಉಂಡವನು, ಒನಕೆ ಮುಟ್ಟಿದವನಲ್ಲ. ಬೊಗಸೆ ಕಾಳು ಹಸನಾಗುವಷ್ಟರಲ್ಲಿ ಅಂಗೈಯಲ್ಲಿ ಬೊಕ್ಕೆ ಎದ್ದವು, ಸೊಂಟ ಹಿಡಿದುಕೊಂಡಿತು. ಸಂತೆಯಲ್ಲಿ ತಲೆದೂಗಿ ಹೊರಟುಹೋಗುತ್ತಿದ್ದ ಹೆಂಗಸರ ಮುಖಗಳು ನೆನಪಾದವು. ಅವರಿಗೆ ರುಚಿ ಗೊತ್ತಿತ್ತು. ಒನಕೆಯ ಭಾರವೂ ಗೊತ್ತಿತ್ತು. ಅವನಿಗೆ ನಾಚಿಕೆಯಾಯಿತು.

ಮುಂದಿನ ಸಂತೆಗೆ ಅವನು ಗಾಡಿಯಲ್ಲಿ ಒರಳು ಒನಕೆಗಳನ್ನೂ ಹೇರಿಕೊಂಡು ಹೋದ. ಅಂದು ಗೋಧಿಯ ಗುಣಗಾನ ಮಾಡಲಿಲ್ಲ. ಮಾಡಲು ಉಸಿರಾದರೂ ಎಲ್ಲಿತ್ತು? ಕುಟ್ಟಿದ, ಕೇರಿದ, ಮತ್ತೆ ಕುಟ್ಟಿದ. ನೋಡುತ್ತ ನಿಂತಿದ್ದ ಹೆಂಗಸೊಬ್ಬಳು ಚೀಲ ಒಡ್ಡಿ, "ಹಸನ ಆಗಿದ್ದಷ್ಟು ನನಗ ಹಾಕ್ರಿ, ಅಣ್ಣಾರ," ಎಂದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ತಂದದ್ದೆಲ್ಲ ಖರ್ಚಾಯಿತು ಎಂದೇನಲ್ಲ. ಮೈ ನುಗ್ಗಾಗಿ ಮನೆಗೆ ಬಂದ. ಆದರೂ ಮಲಗುವ ಮೊದಲು ಒಂದಿಷ್ಟು ಕಾಳನ್ನು ಬೀಜಕ್ಕೆಂದು ಎತ್ತಿಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಅಡವಯ್ಯ, "ಹಾಗಾದರೆ ನಾನು ಹಿರಿಯರಿಗೆ ಇನ್ನೂ ಚೆನ್ನಾಗಿ ಬಿಡಿಸಿ ಹೇಳಬೇಕಿತ್ತು," ಎಂದ.

ಗುರುಗಳು ಕೇಳಿದರು: "ಆ ಊಟದ ಅಡುಗೆ ಮಾಡಬೇಕಾದವಳನ್ನು ಒಂದು ಊರಿನಲ್ಲಾದರೂ ಮಾತಾಡಿಸಿದೆಯಾ, ತಮ್ಮಾ?"